ಪೇನ್ ಪಟಾಟ್ ತಿಂದು ಹೋದವರು

ಕೊರಾಯ್
ಗುರುವಾರ, ೬ ಏಪ್ರಿಲ್ ೧೯೭೮

ಪ್ರೀತಿಯ ಅಮ್ಮಾ,

ನನ್ನ ಕೆಟ್ಟ ಅಕ್ಷರಕ್ಕೂ ತಪ್ಪುಗಳಿಗೂ ಮೊದಲೇ ಕ್ಷಮೆ ಕೇಳುತ್ತೇನೆ. ಸಿಸ್ಟರುಗಳ ಶಾಲೆ ಬಿಟ್ಟು ಏಳು ವರ್ಷವಾಯಿತು, ಈ ಕೈಗೆ ಈಗ ಪೆನ್ಸಿಲಿಗಿಂತ ಸೌಟೇ ಅಭ್ಯಾಸ. ಅದು ಸಾಲದು ಅಂತ ಬಲಗೈಯ ಎರಡು ಗೆಣ್ಣು ತುರಿಯುವ ತಗಡಿಗೆ ಸಿಕ್ಕಿ ಸುಲಿದುಹೋಗಿವೆ, ಬೆರಳು ಮಡಿಸಿದರೆ ಉರಿಯುತ್ತದೆ. ನೀನು ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಆ ಮನೆಯವರು ಇನ್ನೂ ನಿನ್ನನ್ನು ದಿನಕ್ಕೆ ಹತ್ತು ಸಲ ಮಹಡಿ ಹತ್ತಿಸಿ ಇಳಿಸುತ್ತಾರೆಯೇ? ಹರಳೆಣ್ಣೆ ಬಿಸಿ ಮಾಡಿ ತಿಕ್ಕಿಕೋ, ಆಲಸ್ಯ ಮಾಡಬೇಡ. ಪೋರ್ಟ್ ಓ ಪ್ರಿನ್ಸಿನಲ್ಲಿ ಧೂಳು ಹೆಚ್ಚು ಅಂತ ಎಲ್ಲರೂ ಹೇಳುತ್ತಾರೆ, ಕೆಮ್ಮು ಬಾರದಂತೆ ನೋಡಿಕೋ. ಇಲ್ಲಿ ಎಲ್ಲರೂ ಕ್ಷೇಮ. ಎರ್ಮಿತ್ ದೊಡ್ಡಮ್ಮನ ಕಾಲು ಮಾತ್ರ ಮತ್ತೆ ಊದಿದೆ.

ದೊಡ್ಡಮ್ಮ ಈಗ ನನ್ನ ಎದುರಿಗೇ ಹೊಸ್ತಿಲ ಮೇಲೆ ಕೂತು ತೊಗರಿಕಾಯಿ ಬಿಡಿಸುತ್ತಿದ್ದಾಳೆ. ಈ ಕಾಗದ ಬರೆಸುತ್ತಿರುವವಳು ಅವಳೇ. "ದೇವರು ದೊಡ್ಡವನು ಅಂತ ಬರಿ. ಹುಡುಗಿ ಸಂತೋಷವಾಗಿದ್ದಾಳೆ ಅಂತ ಬರಿ. ಮುಸ್ಯೇ ಆಂತೆನೋರ್ ಗುಣವಂತ ಅಂತ ಬರಿ, ಅದನ್ನ ಎರಡು ಸಲ ಬರಿ" ಅನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ, ಬರೆಯುವುದು ಬೇರೆಯೇ. ಆಗಾಗ "ಓದು ನೋಡೋಣ" ಅನ್ನುತ್ತಾಳೆ. ಆಗ ಈ ಹಾಳೆಯನ್ನೇ ನೋಡುತ್ತಾ ಅವಳು ಹೇಳಿದ್ದನ್ನು ನೆನಪಿನಿಂದ ಒಪ್ಪಿಸುತ್ತೇನೆ. "ಚೆನ್ನಾಗಿ ಬರಿತೀಯ ಕಣೇ, ಆ ಸಿಸ್ಟರುಗಳ ಕೈ ಚೆನ್ನಾಗಿರ್ಲಿ" ಅಂದಳು. ನನಗೆ ಅಳು ಬಂತು. ಹೊಗೆ ಅಂತ ನೆಪ ಹೇಳಿ ಕಣ್ಣೊರೆಸಿಕೊಂಡೆ, ಇನ್ನೂ ಒಲೆ ಹೊತ್ತಿಸಿಯೇ ಇಲ್ಲ.

ವಿಷಯ ಇದು ಅಮ್ಮಾ. ಹೋದ ಭಾನುವಾರ ನಮ್ಮ ಮನೆಗೆ ನನ್ನನ್ನು ಮದುವೆಗೆ ಕೇಳಿಕೊಂಡು ಪತ್ರ ಬಂತು. ರೊಟ್ಟಿ ಸುಡುವ ಮುಸ್ಯೇ ಆಂತೆನೋರ್ ಗೊತ್ತಲ್ಲ, ಹೆಂಡತಿ ತೀರಿಹೋದವರು, ಅವರದು. ಹದಿನಾರನೇ ತಾರೀಕು ಭಾನುವಾರ ಉತ್ತರಕ್ಕೆ ಮತ್ತೆ ಬರುತ್ತಾರೆ. ಉತ್ತರ ನಿನ್ನ ಕೈಯಲ್ಲಿ ಬರೆದದ್ದಾಗಿರಬೇಕಂತೆ. ಅಷ್ಟರೊಳಗೆ ನಿನ್ನ ಕಾಗದ ಬಾರದಿದ್ದರೆ ನಿನ್ನ ಪರವಾಗಿ ದೊಡ್ಡಮ್ಮ ಹೂಂ ಅನ್ನುತ್ತಾಳೆ.

ಇದೆಲ್ಲ ಹೇಗಾಯಿತು ಅಂತ ಮೊದಲಿಂದ ಹೇಳುತ್ತೇನೆ, ಯಾಕೆಂದರೆ ಊರವರೆಲ್ಲ ನಾನೇ ಒಪ್ಪಿದೆ ಅನ್ನುತ್ತಿದ್ದಾರೆ. ಶುಕ್ರವಾರ ದೊಡ್ಡಮ್ಮ ಚರ್ಚಿನಿಂದ ಬಂದವಳೇ, "ಭಾನುವಾರ ಪೂಜೆಮೇಜಿನ ಬಟ್ಟೆ ಹೊಲಿಸೋ ವಿಷಯ ಮಾತಾಡಕ್ಕೆ ಜನ ಬರ್ತಾರೆ, ಪೇನ್ ಪಟಾಟ್ ಮಾಡು. ನಿಮ್ಮಮ್ಮ ಮಾಡೋ ಥರ ಮಾಡು, ನನ್ನ ಥರ ಬೇಡ" ಅಂದಳು. ನಿನ್ನ ಕೈ ತನಗಿಂತ ಮೇಲು ಅಂತ ದೊಡ್ಡಮ್ಮನ ಬಾಯಿಂದ ಬಂದದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ನಾನು ಉಬ್ಬಿಹೋದೆ. ಶನಿವಾರ ಬೆಳಗಾಗುತ್ತಲೇ ಹಿತ್ತಲಲ್ಲಿ ಗೆಣಸು ಕಿತ್ತೆ, ಸಿಪ್ಪೆ ಕೆಂಪಗೆ ಒಳಗೆ ಬೆಳ್ಳಗೆ ಇರುವ ಜಾತಿಯದು, ಒಂದೊಂದೂ ಮಗುವಿನ ತಲೆಯಷ್ಟು. ಸಿಪ್ಪೆ ಹೆರೆದು ಕಪ್ಪಾಗದಂತೆ ನೀರಲ್ಲಿ ಮುಳುಗಿಸಿಟ್ಟೆ. ನೀನು ಮೊಳೆ ಹೊಡೆದು ಮಾಡಿದ ಆ ಹಳೇ ತಗಡಿನ ಮೇಲೇ ಎಲ್ಲವನ್ನೂ ತುರಿದೆ, ಕೊನೆಯ ಗೆಣಸಿನ ಜೊತೆ ನನ್ನ ಗೆಣ್ಣೂ ಹೋಯಿತು. ಎರಡು ತೆಂಗಿನಕಾಯಿ ಹಿಂಡಿ ಮೊದಲ ಹಾಲನ್ನು ಬೇರೆಯಾಗಿ ಎತ್ತಿಟ್ಟೆ. ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣು ಮೂರು ಕಿವುಚಿದೆ. ಬೆಲ್ಲ, ಶುಂಠಿ, ಚಕ್ಕೆ, ಜಾಯಿಕಾಯಿ, ಒಂದು ಡಬ್ಬಿ ಹಾಲು, ಬೆಣ್ಣೆ, ನಿಂಬೆಸಿಪ್ಪೆ, ಒಂದು ಚಿಟಿಕೆ ಉಪ್ಪು. ಬೆರೆಸಿ ಕಡಾಯಿಗೆ ಹಾಕಿ, ತಳ ಬಿಡುವ ತನಕ ತಿರುವುತ್ತಲೇ ನಿಂತೆ, ತೋಳು ಬಿದ್ದೇಹೋಯಿತು ಅನ್ನಿಸಿತು. ಆಮೇಲೆ ಕೆಳಗೆ ಸ್ವಲ್ಪ ಕೆಂಡ, ಮೇಲೆ ತಗಡು ಮುಚ್ಚಿ ಅದರ ಮೇಲೆ ಜಾಸ್ತಿ ಕೆಂಡ. ನೀನು ಹೇಳುತ್ತಿದ್ದೆಯಲ್ಲ, "ಮುಚ್ಚಳ ತೆಗೆದು ತೆಗೆದು ನೋಡ್ಬೇಡ, ಅದೇನು ಎದ್ದು ಓಡಿಹೋಗಲ್ಲ" ಅಂತ, ಹಾಗೇ ಕೈ ಕಟ್ಟಿಕೊಂಡು ಕೂತಿದ್ದೆ. ಚಾಕು ಚುಚ್ಚಿ ತೆಗೆದರೆ ಏನೂ ಅಂಟಲಿಲ್ಲ. ಬಿಸಿಯಲ್ಲಿ ಕೊಯ್ದರೆ ಮುದ್ದೆಯಾಗುತ್ತದೆಂದು ಒಂದು ತುಣುಕನ್ನೂ ಮುರಿಯದೆ ಭಾನುವಾರದ ತನಕ ಆರಲು ಬಿಟ್ಟೆ. ಮೇಲ್ಭಾಗ ಬೆಲ್ಲ ಕರಗಿ ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ನನ್ನ ಜನ್ಮದಲ್ಲಿ ಅಂಥದ್ದನ್ನು ಮಾಡಿರಲಿಲ್ಲ ಅಮ್ಮಾ. ನೀನಿದ್ದರೆ ಏನನ್ನುತ್ತಿದ್ದೆ ಅಂತ ಇಡೀ ದಿನ ಅದೇ ಯೋಚನೆ.

ಭಾನುವಾರ ದೊಡ್ಡಮ್ಮ ಈಸ್ಟರಿಗೆ ಹೊಲಿಸಿದ ಬಿಳಿ ಲಂಗ ಹಾಕಿಸಿದಳು. ಬಂದವರು ಮೂರೇ ಜನ. ಹಡಗಿನಷ್ಟು ದೊಡ್ಡ ಟೋಪಿಯ ಮದಾಮ್ ತೆಲಿಸ್ಮಾ, ಅವರ ಗಂಡ, ಮುಸ್ಯೇ ಆಂತೆನೋರ್. ಮದಾಮ್ ತೆಲಿಸ್ಮಾ ಆಂತೆನೋರಿಗೆ ಜ್ಞಾನಸ್ನಾನದ ತಾಯಿ ಅಂತ ಗೊತ್ತಿದ್ದರೂ ನನ್ನ ತಲೆಗೆ ಏನೂ ಹೋಗಲಿಲ್ಲ. ಚರ್ಚಿಗೆ ರೊಟ್ಟಿ ಕೊಡುವವರಲ್ಲವೇ, ಅದಕ್ಕೆ ಬಂದಿದ್ದಾರೆ ಅಂದುಕೊಂಡೆ. "ನೀನೇ ತಗೊಂಡು ಬಾ, ತಲೆ ಎತ್ತಿ ನಡಿ" ಅಂತ ದೊಡ್ಡಮ್ಮ ಒಳಗೆ ಬಂದು ಪಿಸುಗುಟ್ಟಿದಳು. ತಟ್ಟೆ ಇಟ್ಟೆ. ಮದಾಮ್ ತೆಲಿಸ್ಮಾ ಮೂರು ತುಂಡು ತಿಂದರು, ಮೂರನೆಯದಕ್ಕೆ ಟೋಪಿಯನ್ನೇ ತೆಗೆದಿಟ್ಟರು. "ನೋಡಿದ್ರಾ, ತಟ್ಟೆ ಹುಡುಗಿ ಕೈಯಿಂದಲೇ ಬಂತು. ಅರ್ಧ ಉತ್ತರ ಆಗೇ ಹೋಯ್ತು" ಅಂದರು. ಎಲ್ಲರೂ ನಕ್ಕರು. ಪೂಜೆಮೇಜಿನ ಬಟ್ಟೆಯ ಮಾತೇ ಅಂದುಕೊಂಡು ನಾನೂ ನಕ್ಕೆ. ಆ ನಗು ನನಗೀಗ ರಾತ್ರಿ ಹಗಲು ಕೇಳಿಸುತ್ತದೆ.

ಆಮೇಲೆ ರೇಷ್ಮೆ ಕರವಸ್ತ್ರದಲ್ಲಿ ಸುತ್ತಿ ಗುಲಾಬಿ ರಿಬ್ಬನ್ನು ಕಟ್ಟಿದ ಪತ್ರ ಹೊರಬಂತು. ಅದನ್ನು ಓದಬೇಕಾಗಿದ್ದವರು ಹಾಡಿನ ಮೇಷ್ಟ್ರು ಮೆನೆಲಾಸ್, ಅವರು ಜ್ವರ ಬಂದು ಮಲಗಿದ್ದರು. ಮದಾಮ್ ತೆಲಿಸ್ಮಾ ಕನ್ನಡಕ ಮರೆತೆ ಅಂದರು, ಅವರಿಗೆ ಕನ್ನಡಕವಿದ್ದದ್ದನ್ನು ನಾನು ಯಾವತ್ತೂ ನೋಡಿಲ್ಲ. ಅವರ ಗಂಡ ಚಾವಣಿ ನೋಡಿದರು. ಆಂತೆನೋರ್ ಬೆವರು ಒರೆಸಿಕೊಂಡರು. ಯಾರನ್ನು ಕೇಳಿ ಪತ್ರ ಬಂದಿದೆಯೋ ಆ ಹುಡುಗಿ ಅದನ್ನು ಓದುವಾಗ ಒಳಗಿರಬೇಕು ಅನ್ನುವ ಪದ್ಧತಿ ಎಲ್ಲರಿಗೂ ಗೊತ್ತು, ಆದರೆ ಇಡೀ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಕೊನೆಗೆ ದೊಡ್ಡಮ್ಮ, "ಏನೀಗ, ಲೂನೀಜ್ ಓದ್ತಾಳೆ" ಅಂದುಬಿಟ್ಟಳು. ನಾನು ಎದ್ದು ನಿಂತೆ. ಸಿಸ್ಟರುಗಳು ಕಲಿಸಿದ ಹಾಗೇ ಓದಿದೆ ಅಮ್ಮಾ, ಅಲ್ಪವಿರಾಮಕ್ಕೆ ಅರ್ಧ ಉಸಿರು, ಪೂರ್ಣವಿರಾಮಕ್ಕೆ ಪೂರ್ತಿ ಉಸಿರು. ದೊಡ್ಡ ದೊಡ್ಡ ಫ್ರೆಂಚ್ ಮಾತುಗಳು. ಗೌರವ, ತೋಟ, ಹೂವು ಅನ್ನುವುದಷ್ಟೇ ನನಗೆ ಅರ್ಥವಾದದ್ದು. ಪೂಜೆಮೇಜಿಗೆ ಹೂವಿನ ಕಸೂತಿ ಮಾಡಿಸುತ್ತಾರೇನೋ ಅಂದುಕೊಳ್ಳುತ್ತಲೇ ಓದುತ್ತಿದ್ದೆ. ಆಗ ನನ್ನ ಹೆಸರು ಬಂತು. ಅದರ ಪಕ್ಕದಲ್ಲೇ ಮದುವೆ ಅನ್ನುವ ಮಾತು. ನನಗೆ ತಿಳಿಯಿತು, ತಿಳಿದ ಮೇಲೂ ಬಾಯಿ ಓದುತ್ತಲೇ ಹೋಯಿತು. ಶಾಲೆಯಲ್ಲಿ ನಡುವೆ ನಿಲ್ಲಿಸಿದರೆ ಕೈ ಮೇಲೆ ಕೋಲು ಬೀಳುತ್ತಿತ್ತಲ್ಲ. ಸಹಿಯ ತನಕ ಓದಿದೆ, ಊರ ಹೆಸರು ತಾರೀಕನ್ನೂ ಬಿಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. "ತನ್ನ ಬಾಯಿಂದ ತಾನೇ ಓದಿದ್ಲು, ಒಂದು ಸಲನಾದ್ರೂ ತಡವರಿಸ್ಲಿಲ್ಲ, ಇನ್ನೇನ್ರೀ ಬೇಕು!" ಅಂತ ಮದಾಮ್ ತೆಲಿಸ್ಮಾ ನನ್ನ ಕೆನ್ನೆ ಹಿಂಡಿದರು. ಹೋಗುವಾಗ ಉಳಿದ ಪೇನ್ ಪಟಾಟನ್ನು ಆ ಕರವಸ್ತ್ರದಲ್ಲೇ ಕಟ್ಟಿಸಿಕೊಂಡು ಹೋದರು.

ನನಗೆ ಯಾಕೆ ಮೊದಲೇ ಹೇಳಲಿಲ್ಲ ಅಂತ ದೊಡ್ಡಮ್ಮನನ್ನು ಕೇಳಿದೆ. "ಹೇಳಿದ್ರೆ ನೀನು ಅದಕ್ಕೆ ಹಿಡಿ ಉಪ್ಪು ಸುರೀತಿದ್ದೆ" ಅಂದಳು. ಅದು ನಿಜವಾದ್ದರಿಂದ ನನಗೆ ನಗು ಬಂತು, ಅವಳಿಗೂ ಬಂತು. ಹಾಗೆ ನಗುತ್ತಿದ್ದವಳು ತಟ್ಟನೆ ಲಂಗ ಎತ್ತಿ ಕಾಲು ತೋರಿಸಿದಳು. "ಒತ್ತಿ ನೋಡು, ಹೇಗೆ ಗುಳಿ ಬೀಳತ್ತೆ. ನಾನು ಹೋದ ದಿನ ನಿನ್ನ ಯಾರ ಬಾಗಿಲಲ್ಲಿ ಬಿಟ್ಟು ಹೋಗ್ಲಿ ಹೇಳು." ಅವಳು ಕೆಟ್ಟವಳಲ್ಲ ಅಮ್ಮಾ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಂತೆನೋರ್ ಕೂಡ ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೂಗುವುದಿಲ್ಲ. ಸೋಮವಾರದಿಂದ ದಿನಾ ಬೆಳಿಗ್ಗೆ ಬಂದು ಕಿಟಕಿಯ ಮೇಲೆ ಒಂದು ರೊಟ್ಟಿ ಇಟ್ಟು "ಬಿಸಿ ಇದೆ" ಅಂತ ಅಷ್ಟೇ ಹೇಳಿ ಹೋಗುತ್ತಾರೆ. ನಿನ್ನೆ ಮಾತ್ರ ಸ್ವಲ್ಪ ಹೊತ್ತು ನಿಂತರು. ತೀರಿಹೋದ ಹೆಂಡತಿಯ ಮಾತೆತ್ತಿ, "ಇಪ್ಪತ್ತು ವರ್ಷ ಆ ಒಲೆ ಬಾಯಲ್ಲಿ ನಿಂತ್ಲು, ಒಂದು ದಿನ ಬೇಜಾರು ಅಂದವಳಲ್ಲ ಪುಣ್ಯಾತ್ಗಿತ್ತಿ. ನಿನ್ನ ಕೈ ನೋಡಿ ಅವಳೇ ನೆನಪಾದ್ಲು" ಅಂದರು. ಕಣ್ಣಲ್ಲಿ ನೀರಿತ್ತು. ನನ್ನನ್ನು ಹೊಗಳಲೆಂದೇ ಹೇಳಿದ್ದು. ನನಗೆ ಆ ಹೆಂಗಸಿನ ನೆನಪು ಚೆನ್ನಾಗಿದೆ. ಪೂಜೆಯಲ್ಲಿ ನಮ್ಮ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು, ಮೊಣಕೈ ತನಕ ಸುಟ್ಟ ಕಲೆಗಳು, ಧರ್ಮೋಪದೇಶ ಶುರುವಾಗುತ್ತಿದ್ದಂತೆ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಬೇಜಾರು ಅನ್ನಲು ಅವಳಿಗೆ ಹೊತ್ತೆಲ್ಲಿತ್ತು? ಇವತ್ತಿನ ರೊಟ್ಟಿಯನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟುಬಿಟ್ಟೆ.

ನಲ್ಲಿಯ ಹತ್ತಿರ ಹೋದರೆ ಹೆಂಗಸರು ನನ್ನ ಬಿಂದಿಗೆಗೆ ದಾರಿ ಬಿಡುತ್ತಾರೆ. "ಬನ್ನಿ ಬನ್ನಿ ಮದಾಮ್ ಆಂತೆನೋರ್, ನಮಗೂ ಒಂದು ತುಂಡು ಉಳಿಸ್ಬಾರ್ದಿತ್ತಾ?" "ಬೇರೆಯೋರು ಗಂಡು ಹುಡುಕಿ ಸವೀತಾರೆ, ಇವಳು ಗೆಣಸು ತುರಿದು ಹಿಡಿದುಬಿಟ್ಲು." ನನಗೆ ತಿರುಗಿ ಮಾತಾಡಲು ಬರುವುದಿಲ್ಲ, ನಿನಗೆ ಗೊತ್ತಲ್ಲ, ಬಿಂದಿಗೆ ತುಂಬುವುದನ್ನೇ ನೋಡುತ್ತಾ ನಿಲ್ಲುತ್ತೇನೆ. ಈಗ ನಾನು ಬೇಡ ಅಂದರೆ, ಬಡಿಸಿದ್ದೂ ಅವಳೇ, ಓದಿದ್ದೂ ಅವಳೇ, ಆಮೇಲೆ ಮಾತು ತಿರುಗಿಸಿದಳು ಅನ್ನುತ್ತಾರೆ. ದೊಡ್ಡಮ್ಮ ಚರ್ಚಿನಲ್ಲಿ ತಲೆ ಎತ್ತುವ ಹಾಗಿರುವುದಿಲ್ಲ. ಯಾವ ಕಡೆ ತಿರುಗಿದರೂ ಯಾರೋ ಒಬ್ಬರು ನಗುತ್ತಾ ಬಾಗಿಲಿಗೆ ಅಡ್ಡ ನಿಂತಿದ್ದಾರೆ, ಕೋಪದಿಂದ ನಿಂತವರು ಒಬ್ಬರೂ ಇಲ್ಲ.

ಮೂರು ವರ್ಷದ ಹಿಂದೆ ನೀನು ಹೋಗುವಾಗ, ಉಪವಾಸದ ದಿನಗಳು ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ, ಹೊಲಿಗೆ ಕಲಿಸುತ್ತೇನೆ ಅಂದಿದ್ದೆ. ಮೂರು ಈಸ್ಟರ್ ಕಳೆದವು. ನಾನು ಕೇಳಲಿಲ್ಲ, ಕೇಳಿದರೆ ನಿನಗೆ ಭಾರವಾಗುತ್ತದೆ ಅಂತ. ಮೊನ್ನೆ ದೊಡ್ಡಮ್ಮ, "ನಿಮ್ಮಮ್ಮನಿಗೆ ತಿಳಿಸ್ದೆ ನಾನು ಒಂದು ಹೆಜ್ಜೆನಾದ್ರೂ ಇಡ್ತೀನಾ?" ಅಂದಳು. ಅಂದರೆ ಏನು ಅಂತ ನಾನು ಕೇಳಲಿಲ್ಲ. ನಿನ್ನನ್ನೇ ಕೇಳುತ್ತೇನೆ. ನಿನಗೆ ಮೊದಲೇ ಗೊತ್ತಿತ್ತಾ ಅಮ್ಮಾ? ಗೊತ್ತಿದ್ದರೂ ನನಗೆ ಸಿಟ್ಟಿಲ್ಲ, ಆದರೆ ಗೊತ್ತಿರಲಿಲ್ಲ ಅಂತ ನಿನ್ನ ಕಾಗದದಲ್ಲಿ ಓದಬೇಕು ಅನ್ನಿಸುತ್ತದೆ.

ಬುಟ್ಟಿಯಲ್ಲಿ ತೊಗರಿ ಮುಗಿಯುತ್ತಾ ಬಂತು, ನಾನೂ ಮುಗಿಸಬೇಕು. ದೊಡ್ಡಮ್ಮ ನಿನ್ನನ್ನು ತುಂಬಾ ಕೇಳಿದೆ ಅಂತ ಬರೆಯಲು ಹೇಳಿದಳು, ಇದು ಅವಳು ಹೇಳಿದ್ದೇ. ಪಕ್ಕದ ಮನೆಯ ಅಜ್ಜಿಯೂ ಕೇಳಿದರು. ನಿನ್ನ ಮಂಡಿಗೆ ನನ್ನ ಎರಡು ಮುತ್ತು. ಮೇರಿಮಾತೆ ನಿನ್ನನ್ನು ಕಾಯಲಿ.

ನಿನ್ನ ಮಗಳು
ಲೂನೀಜ್

ತಾ.ಕ. ಶುಕ್ರವಾರ ಬೆಳಿಗ್ಗೆ. ದೋಣಿಕಟ್ಟೆಯಲ್ಲಿ ಇದ್ದಿಲು ಮೂಟೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಈ ಕಾಗದ ನಿನಗೆ ತರುವ ದೋಣಿಗೆ ಹಾಯಿ ಏರಿಸುತ್ತಿದ್ದಾರೆ. ಅಮ್ಮಾ, ಬೇಡ ಅಂತ ಬರೆದು ಕಳಿಸು. ಎರಡೇ ಸಾಲು ಸಾಕು. ದೋಣಿ ಮಂಗಳವಾರ ಇಲ್ಲಿಗೆ ಹಿಂತಿರುಗುತ್ತದೆ, ನಾನು ಬಂದು ಕಾಯುತ್ತೇನೆ. ಅದರಲ್ಲಿ ನಿನ್ನ ಕಾಗದ ಇರದಿದ್ದರೆ ಅಂತ ರಾತ್ರಿಯೆಲ್ಲ ಯೋಚಿಸಿದೆ. ಈಗಷ್ಟೇ ಕಪ್ತಾನ ದೆರಿಲುಸರನ್ನು ಕೇಳಿದೆ, ಮುಂದಿನ ಶುಕ್ರವಾರ ಹೋಗುವಾಗ ಒಬ್ಬರಿಗೆ ಜಾಗ ಇದೆಯೇ ಅಂತ. ಎರಡು ಸಲ ಕೇಳಬೇಕಾಯಿತು. "ಇದೆ, ಯಾರಿಗೆ? ಹೆಸರು ಪುಸ್ತಕದಲ್ಲಿ ನೀನೇ ಬರಿಯಮ್ಮ, ನನ್ನ ಕೈ ಹಗ್ಗದಲ್ಲಿದೆ" ಅಂದರು. ಬರೆದೆ.