ಅರಿಶಿನ ಕುಡಿದ ರೇಡಿಯೇಟರ್

ಕೆಂಗೇರಿ ಉಪನಗರ
೧೦ ಸೆಪ್ಟೆಂಬರ್ ೨೦೨೫, ಬುಧವಾರ

ತಮ್ಮ ಮಹದೇವನಿಗೆ,

ಕಾಗದ ಬರೆಯುವುದು ನನ್ನ ಕಸುಬಲ್ಲ. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಕೈಗೆ ನಿಮ್ಮತ್ತಿಗೆ ಪೆನ್ನು ತುರುಕಿ ಕೂರಿಸಿದ್ದಾಳೆ. "ಫೋನ್ ಹಿಡಿದ್ರೆ ನೀವು ಬಯ್ತೀರ, ಅವ್ನು ಕಟ್ ಮಾಡ್ತಾನೆ. ಮೂರು ತಿಂಗ್ಳಿಂದ ಇದೇ ಆಯ್ತು. ಕಾಗ್ದ ಆದ್ರೆ ಕಟ್ ಮಾಡಕ್ಕಾಗಲ್ಲ" ಅನ್ನುತ್ತಾಳೆ. ಅಡುಗೆಮನೆ ಬಾಗಿಲಲ್ಲಿ ನಿಂತು ಕಾಯುತ್ತಲೂ ಇದ್ದಾಳೆ, ಪೊಲೀಸಿನವಳ ಹಾಗೆ. ಹೇಗಿದ್ದೀಯ? ಮಂಡಿನೋವು ಇಳಿಯಿತೋ, ಈಗ ಓಡಿಸುತ್ತಿರುವ ಆ ಹಿರಿಯೂರಿನವರ ಲಾರಿಯ ಗಟ್ಟಿ ಕ್ಲಚ್ಚು ತುಳಿದು ಹೆಚ್ಚು ಮಾಡಿಕೊಂಡೆಯೋ? ನೀಲಾಂಬಿಕಾ ಚೆನ್ನಾಗಿದ್ದಾಳಾ? ತವರುಮನೆ ಊಟ ಹೆಂಡತಿಗೆ ಒಗ್ಗುತ್ತದೆ. ಮಾವನ ಮನೆ ಸೇರಿದ ನಿನಗೆ ಹೇಗೆ ಒಗ್ಗುತ್ತದೋ ಕಾಣೆ.

ಭಾನುವಾರ ನಾನೇ ಲಾರಿಯ ರೇಡಿಯೇಟರ್ ಬದಲಾಯಿಸಿದೆ. ನೀನು ಹೋದಾಗಿನಿಂದ ಅದು ಪಕ್ಕದ ಖಾಲಿ ಸೈಟಿನಲ್ಲೇ ನಿಂತಿತ್ತು, ಟೈರಿನ ಸುತ್ತ ಹುಲ್ಲು ಬೆಳೆದಿತ್ತು. ಮೆಕ್ಯಾನಿಕ್ ಶಶಿಕುಮಾರನನ್ನು ಕರೆಸಿ ಅಂದಳು ನಿಮ್ಮತ್ತಿಗೆ. ನಮ್ಮಿಬ್ಬರ ಕೈ ಬಿಟ್ಟು ಮೂರನೆಯವರ ಕೈ ಆ ಲಾರಿಯ ಹೊಟ್ಟೆಗೆ ಹೋಗಿಲ್ಲ, ಈಗಲೂ ಹೋಗುವುದು ಬೇಡ ಅಂದೆ. ತಳದ ನಲ್ಲಿ ತಿರುಗಿಸಿದರೆ ಉಳಿದಿದ್ದ ನೀರೆಲ್ಲ ಹಳದಿ. ಬಿಡದಿ ಹತ್ತಿರ ಸೋರಿಕೆ ನಿಲ್ಲಿಸಲು ನೀನು ಸುರಿದ ಅರಿಶಿನ. ದಾರಿಯಲ್ಲಿ ಸೋರಿದರೆ ಅರಿಶಿನದ ಪುಡಿ ಹಾಕಿ ಹೇಗೋ ಊರು ಸೇರುವುದು ನಮ್ಮಪ್ಪ ಕಲಿಸಿದ್ದೇ. ಆದರೂ ಆವತ್ತು ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ, ಅರಿಶಿನ ತುಂಬಿ ರೇಡಿಯೇಟರ್ ಹಾಳು ಮಾಡಿದವನು ನೀನೇ ಅಂತ ಕೂಗಾಡಿದೆ. "ಇಳಿಯೋ ಕೆಳಗೆ" ಅಂದೆ. ನೀನು ಇಳಿದೆ. ಕೀ ಬಾನೆಟ್ ಮೇಲಿಟ್ಟು ಹೊರಟೇ ಹೋದೆ. ನಲವತ್ತು ವರ್ಷ ಹೇಳಿದ ಒಂದು ಮಾತೂ ಕೇಳದವನು ಆ ಒಂದು ಮಾತು ಮಾತ್ರ ಕೇಳಬೇಕಿತ್ತೇನೋ?

ಹೋಸ್ ಪೈಪು ಕಳಚಿ, ಬೋಲ್ಟು ಬಿಚ್ಚಿ, ಹಳೆಯದನ್ನು ಎತ್ತುವಷ್ಟರಲ್ಲಿ ಮಧ್ಯಾಹ್ನ. ಹೊಸದನ್ನು ಮಗುವಿನ ಹಾಗೆ ಎದೆಗೆ ಅವುಚಿ ಇಳಿಸಿದೆ. ಒಬ್ಬ ಮೇಲೆ ಹಿಡಿದು ಒಬ್ಬ ಕೆಳಗೆ ಕೂರಿಸುವ ಕೆಲಸ ಅದು. ಬೆರಳು ಜಜ್ಜಿತು, ಯಾರನ್ನು ಬಯ್ಯಲಿ? ನೀರು ತುಂಬಿಸಿ, ನಿಮ್ಮತ್ತಿಗೆಯನ್ನು ಸೀಟಿಗೆ ಹತ್ತಿಸಿ ಆಕ್ಸಿಲರೇಟರ್ ಒತ್ತು ಅಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅಲ್ಲಿ ಕೂತವಳು, ಸ್ಟೀರಿಂಗಿಗೆ ಕೈ ಮುಗಿದಳು. ನಾನು ಕೆಳಗೆ ಮಲಗಿ ಪ್ರತಿ ಜಾಯಿಂಟೂ ಮುಟ್ಟಿ ನೋಡಿದೆ. ಒಂದು ಹನಿ ಇಲ್ಲ. ಖುಷಿಗೆ "ಮಹದೇವಾ, ಸಾಕು ಬಿಡೋ" ಅಂತ ಕೂಗಿದೆ. ಅವಳು ಕಾಲು ತೆಗೆದು ಕೀ ತಿರುಗಿಸಿದಳು. ಇಂಜಿನ್ ಸದ್ದು ನಿಂತ ಮೇಲೆ ನಾನು ಸ್ವಲ್ಪ ಹೊತ್ತು ಅಡಿಯಲ್ಲೇ ಮಲಗಿದ್ದೆ. ಬೆನ್ನು ಹಿಡಿದಿತ್ತು, ಇನ್ನೇನಿಲ್ಲ.

ಸೀಟಿನ ಹಿಂದೆ ನಿನ್ನ ಟವಲ್ ಹಾಗೇ ನೇತಾಡುತ್ತಿದೆ. ನಿಮ್ಮತ್ತಿಗೆ ಒಗೆಯಲು ತೆಗೆದಳು, ಬೇಡ ಅಂದೆ. ಎಣ್ಣೆ ಒರೆಸಲು ಬೇಕಾಗುತ್ತದೆ ಅಂದೆ. ಇನ್ನೂ ಒರೆಸಿಲ್ಲ.

ನೀಲಾಂಬಿಕಾಗೂ ಅವಳ ಅಪ್ಪ ಅಮ್ಮನಿಗೂ ಕೇಳಿದೆನೆಂದು ಹೇಳು. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ, ತಲೆ ಹೇಗೂ ಗಟ್ಟಿ ಇದೆ.

ನಿನ್ನ ಅಣ್ಣ,
ಹನುಮಂತಯ್ಯ

ಮರೆತಿದ್ದೆ: ಹಳೆಯ ರೇಡಿಯೇಟರ್ ತಿರುಗಿಸಿ ನೋಡಿದೆ. ಅರಿಶಿನ ಏನೂ ಕೆಡಿಸಿಲ್ಲ. ಅದು ಕೂರುವ ಎಡಗಾಲಿನ ಕೆಳಗೆ ರಬ್ಬರ್ ಮೆತ್ತೆ ಇಲ್ಲದೆ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ತೂತಾಗಿದೆ. ಯುಗಾದಿಯಲ್ಲಿ ಅದನ್ನು ಕೂರಿಸಿದವನು ನಾನು. "ಅಣ್ಣಾ, ರಬ್ಬರ್ ಹಾಕ್ದಾ?" ಅಂತ ನೀನು ಕೇಳಿದ್ದೆ, "ನಂಗೇ ಹೇಳ್ಕೊಡ್ತೀಯೇನೋ" ಅಂದಿದ್ದೆ. ಆ ರಬ್ಬರ್ ನನ್ನ ಟೂಲ್ ಪೆಟ್ಟಿಗೆಯಲ್ಲೇ ಸಿಕ್ಕಿತು. ಇವತ್ತು ಬೆಳಿಗ್ಗೆ ಸ್ಟ್ಯಾಂಡಿಗೆ ಒಯ್ದು ಶಶಿಕುಮಾರನಿಗೂ ಮಿಕ್ಕವರಿಗೂ ತೋರಿಸಿ, ಇದನ್ನು ಹಾಕದವನು ನಾನೇ ಅಂತ ಹೇಳಿದೆ. ನಗುವವರು ನಕ್ಕರು. ಆಯುಧಪೂಜೆಗೆ ಲಾರಿ ಮುಂದೆ ಕುಂಬಳಕಾಯಿ ಒಡೆಯುವವನು ನೀನು, ಈ ಸಲವೂ ನಾನು ಒಡೆಯುವುದಿಲ್ಲ. ಹಬ್ಬ ಮುಂದಿನ ತಿಂಗಳು ಒಂದಕ್ಕೆ, ಇಪ್ಪತ್ತೈದನೇ ತಾರೀಕಿನೊಳಗೆ ಉತ್ತರ ಬರಬೇಕು.