ಲೋಟದ ನೀರು ಅಲುಗಲಿಲ್ಲ

ಮನೆಯಿಂದ, ಹಿಂದಿನ ಕೋಣೆ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಹೆಗ್ಗಣವೇ,

ಹೇಗಿದ್ದೀಯ? ನೆಲದಡಿಯ ಆ ಸೆಕೆಯಲ್ಲಿ ನೀರು ಸರಿಯಾಗಿ ಕುಡಿಯುತ್ತೀಯೋ ಇಲ್ಲವೋ? ನಾನು, ನಿನ್ನಮ್ಮ ಇಬ್ಬರೂ ಗಟ್ಟಿಯಾಗಿದ್ದೇವೆ. ಸಿಡಿಮದ್ದಿನ ಸದ್ದಿಗೆ ಸತ್ತ ನನ್ನ ಕಿವಿಗೆ ಫೋನು ಕೇಳಿಸುವುದಿಲ್ಲ, ಅದರಲ್ಲಿ ಅಕ್ಷರ ಒತ್ತಲು ಬೆರಳು ದಪ್ಪ. ಅದಕ್ಕೇ ಈ ಕಾಗದ.

ನಿನ್ನ ಯಂತ್ರ ನಮ್ಮ ಬೀದಿಯ ಕೆಳಗೇ ಸುರಂಗ ಕೊರೆಯುತ್ತದೆ ಎಂದು ನೀನು ಹೇಳಿದ ದಿನದಿಂದ ನಾನು ಎಲ್ಲರಿಗೂ ಹೆದರಿಕೆ ಹಂಚಿದೆ. ಮೂವತ್ತು ವರ್ಷ ಬಂಡೆ ಸಿಡಿಸಿದವನ ಮಾತಲ್ಲವೇ, ನಂಬಿದರು. ಎದುರುಮನೆಯ ದರ್ಜಿ ಹೊಲಿಗೆ ಯಂತ್ರ ಹೊತ್ತುಕೊಂಡು ತಂಗಿಯ ಮನೆಗೆ ಹೋದ. ನಿಮ್ಮ ಕಚೇರಿಯವರು ಪ್ರತಿ ಮನೆಯ ಹಳೆಯ ಬಿರುಕುಗಳನ್ನು ಬರೆದುಕೊಂಡು, ಅವುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ಹೋದರು. ಬಿರುಕು ಹಿಗ್ಗಿದರೆ ಗಾಜು ಒಡೆಯುತ್ತದಂತೆ. ಒಂದೇ ಒಂದು ಹೊಸ ಬಿರುಕು ಕಂಡರೂ ನಿನ್ನನ್ನು ಚಾಲಕಿಯ ಕುರ್ಚಿಯಿಂದ ಇಳಿಸುತ್ತಾರೆಂದು ನೀನೇ ಹೇಳಿದ್ದೆ. ನಾನು ಲೋಟದ ತುಂಬ ನೀರು ನೆಲದ ಮೇಲಿಟ್ಟು, ಬರಿಗಾಲಲ್ಲಿ ಪಕ್ಕದಲ್ಲೇ ಕುಳಿತೆ. ಕಿವಿ ಕೈಕೊಟ್ಟರೂ ಅಂಗಾಲು ಕೈಕೊಡುವುದಿಲ್ಲ. ಎರಡು ದಿನ ಹಾಗೇ ಕಳೆಯಿತು. ಮೂರನೆಯ ದಿನ ನಿನ್ನಮ್ಮ ಹೆಗಲು ತಟ್ಟಿ, ನೀನು ಕಳಿಸಿದ ಸಂದೇಶವನ್ನು ಕಣ್ಣೆದುರು ಹಿಡಿದಳು: "ಅಪ್ಪಾ, ನಿನ್ನೆ ಮಧ್ಯಾಹ್ನಾನೇ ನಮ್ಮನೆ ದಾಟಾಯ್ತು. ಲೋಟ ಎತ್ತಿಡು."

ನೀರು ಒಂದಿಷ್ಟೂ ಅಲುಗಿರಲಿಲ್ಲ ಕಣೇ. ನಾವು ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಓಡಿಹೋಗಿ ಬಗ್ಗಿ ಕೂರುತ್ತಿದ್ದೆವು. ಹೊಗೆ ತಿಳಿಯಾದ ಮೇಲೆ ಸಲಾಕೆಯಿಂದ ಮೇಲ್ಭಾಗ ತಟ್ಟಿ ಸಡಿಲ ಕಲ್ಲು ಬೀಳಿಸುತ್ತಿದ್ದೆವು. ಹಾಗೆ ಬಿದ್ದ ಕಲ್ಲಿಗೇ ನನ್ನ ಜೊತೆಗಾರ ಬಲಿಯಾದ. ನಿನ್ನ ಯಂತ್ರವೋ, ಎದುರಿನ ಮಣ್ಣು ಎಷ್ಟು ಒತ್ತುತ್ತದೋ ಅಷ್ಟೇ ಬಲದಿಂದ ಅದನ್ನು ತಡೆದುಕೊಂಡು ಕೊರೆಯುತ್ತದೆ. ಬೆನ್ನಿಗೇ ಸುರಂಗಕ್ಕೆ ಕಾಂಕ್ರೀಟಿನ ಬಳೆ ತೊಡಿಸುತ್ತದೆ, ಕುಸಿಯಲು ಮಣ್ಣಿಗೆ ಪುರಸೊತ್ತೇ ಇಲ್ಲ. ಇದನ್ನೆಲ್ಲ ನಾನೇ ಕಂಡುಹಿಡಿದವನಂತೆ ಈಗ ಬೀದಿಗೆಲ್ಲ ವಿವರಿಸುತ್ತಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು, ತಂಗಿಯ ಮನೆಯಿಂದ ವಾಪಸು ಬಂದ ದರ್ಜಿ ನನ್ನ ಕಿವಿಯಲ್ಲಿ ಕೂಗಿದ. ನಮ್ಮ ಹೆಗ್ಗಣ ನಿನ್ನ ಮನೆಯ ಒಂದು ಸೂಜಿಯನ್ನೂ ಜರುಗಿಸಲಿಲ್ಲವಲ್ಲ ಎಂದೆ. ನನಗೆ ನಿನ್ನ ಬಗ್ಗೆ ತುಂಬ ಹೆಮ್ಮೆ ಮಗಳೇ. ಎದುರಿಗೆ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ನೂರು ವರ್ಷ ಬಾಳು. ಪಾಳಿ ಮುಗಿಸಿ ದಿನವೂ ಬೆಳಕಿಗೆ ಬಾ.

ನಿನ್ನ ಅಪ್ಪ

ಮರೆತಿದ್ದೆ: ಗಾಜಿನ ಪಟ್ಟಿ ಒಂದೂ ಒಡೆದಿಲ್ಲ. ಆದರೆ ನಿನ್ನೆ ಮತ್ತೆ ನೋಡಲು ಬಂದವರು ನಮ್ಮ ಕಪಾಟು ಸರಿಸಿದಾಗ ಗೋಡೆಯಲ್ಲಿ ತೋಳುದ್ದದ ಬಿರುಕು ಕಂಡಿತು. ದಾಖಲೆಯಲ್ಲಿ ಇಲ್ಲದ್ದು, ಆದ್ದರಿಂದ ಹೊಸದು, ನಿನ್ನ ಪಾಳಿಯಲ್ಲಿ ಆದದ್ದು ಎಂದು ಬರೆಯಹೊರಟರು. "ಅದು ನನ್ನದು" ಎಂದೆ. ನೀನು ತೊಟ್ಟಿಲಲ್ಲಿದ್ದಾಗ, ಹಿಂದಿನ ಗುಡ್ಡದ ಸುರಂಗದಲ್ಲಿ ನಾನು ಮದ್ದು ಹೆಚ್ಚು ತುಂಬಿದ್ದಕ್ಕೆ ಬಿಟ್ಟ ಬಿರುಕು ಅದು. ಗೋಡೆ ಕಟ್ಟಿದ್ದು ನಿನ್ನ ಸೋದರಮಾವ. ಅವನ ಕೆಲಸವೇ ಸರಿಯಿಲ್ಲ ಎಂದು ಇಷ್ಟು ವರ್ಷ ಆಡಿಕೊಂಡವನು ನಾನು. ಮೊದಲ ಸಲ ಅವರು ಬಂದಾಗ ನಾಚಿಕೆಗೆ ಕಪಾಟು ಅಡ್ಡ ಇಟ್ಟವನೂ ನಾನೇ. ಎಲ್ಲವನ್ನೂ ಬರೆದು ರುಜು ಹಾಕಿ ಕೊಟ್ಟಿದ್ದೇನೆ, ನಿನ್ನ ಕುರ್ಚಿ ನಿನ್ನದೇ. ಈಗ ನಿನ್ನ ಸೋದರಮಾವನ ಮನೆಗೆ ಹೋಗಬೇಕು. ನಿನ್ನಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.