ಅಕ್ಕನ ಮದುವೆಗೆ ತಮ್ಮ ಹೋಗಬಾರದೆಂದು ಯಾವ ಪುಟದಲ್ಲಿದೆ?

ವೀಸಾ ವಿಭಾಗದ ಮಾನ್ಯ ಅಧಿಕಾರಿಗಳೇ,

ನಿಮ್ಮ ದೇಶದಲ್ಲಿರುವ ನನ್ನ ಅಕ್ಕ ಐವತ್ತೆಂಟನೆಯ ವಯಸ್ಸಿನಲ್ಲಿ ಮದುವೆಯಾಗಲು ಹೊರಟಿದ್ದಾಳೆ. ಹುಡುಗನಿಗೆ ಅರವತ್ತಾರು. ಅವರಿಬ್ಬರಿಗೂ ಒಪ್ಪಿಗೆ, ಅವರ ಬೀದಿಗೆಲ್ಲ ಒಪ್ಪಿಗೆ, ನನಗಂತೂ ಹಿಗ್ಗೋ ಹಿಗ್ಗು. ಒಪ್ಪಿಗೆ ಇಲ್ಲದವರು ನೀವೊಬ್ಬರೇ. ಎರಡು ವರ್ಷಗಳಲ್ಲಿ ಮೂರು ಸಲ ನನ್ನ ಅರ್ಜಿಯನ್ನು ತಿರಸ್ಕರಿಸಿ, ಮೂರು ಸಲ ಆ ಮದುವೆಯನ್ನು ಮುಂದಕ್ಕೆ ಹಾಕಿಸಿದ್ದೀರಿ. ಹೆಣ್ಣಿನ ಕಡೆಯವರೂ ಅಲ್ಲದ, ಗಂಡಿನ ಕಡೆಯವರೂ ಅಲ್ಲದ ನಿಮಗೆ ಈ ಮದುವೆಯ ಮೇಲೆ ಯಾಕಿಷ್ಟು ಮುನಿಸು ಎಂದು ಕೇಳುವುದಕ್ಕೇ ಈ ಪತ್ರ. ಕೌಂಟರಿನಲ್ಲೇ ಕೇಳೋಣವೆಂದರೆ ಅಲ್ಲಿ ತಲೆಗೆ ನಾಲ್ಕು ನಿಮಿಷ. ಮೇಲಾಗಿ ಗಾಜಿನಲ್ಲಿ ಕೊರೆದಿರುವ ತೂತು ನನ್ನ ಎದೆಯ ಮಟ್ಟಕ್ಕಿದೆ. ಬಗ್ಗಿ ಮಾತಾಡಿದರೆ ವಿನಯ ಕಾಣಿಸುತ್ತದೆ, ಕೋಪ ಕೇಳಿಸುವುದಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ನೆಟ್ಟಗೆ ನಿಂತು ಬರೆಯುತ್ತಿದ್ದೇನೆ.

ನಾನು ಬೈಂಡರ್. ಈ ಊರಿನ ಕಚೇರಿಗಳ ರಿಜಿಸ್ಟರು, ಶಾಲೆಗಳ ಹಾಜರಿ ಪುಸ್ತಕ, ಲೈಬ್ರರಿಯಲ್ಲಿ ಚಿಂದಿಯಾದ ಕಾದಂಬರಿ, ಎಲ್ಲವನ್ನೂ ಬಿಚ್ಚಿ, ಹೊಲಿದು, ರಟ್ಟು ಹಾಕಿ ಕೊಡುವುದು ಇಪ್ಪತ್ತು ವರ್ಷಗಳಿಂದ ನನ್ನ ಕೆಲಸ. ಹುಟ್ಟಿದ ದೇಶ ಬೇರೆ. ಅಲ್ಲಿಂದ ನಾನೂ ಅಕ್ಕನೂ ಉಟ್ಟ ಬಟ್ಟೆಯಲ್ಲಿ ಓಡಿಬಂದಾಗ ನನಗೆ ಹತ್ತೊಂಬತ್ತು, ಅವಳಿಗೆ ಮೂವತ್ತಮೂರು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಸದಾ ಅವಳ ಬೆನ್ನು ಹತ್ತಿಕೊಂಡೇ ಇರುತ್ತಿದ್ದೆನೆಂದು ನನಗೆ ಅಂಟು ಎಂದು ಹೆಸರಿಟ್ಟಿದ್ದಳು. ಗಡಿ ದಾಟಿದ ಮೇಲೆ ಶಿಬಿರದಲ್ಲಿ ಹೆಂಗಸರ ಪಟ್ಟಿ ಬೇರೆ, ಗಂಡಸರ ಪಟ್ಟಿ ಬೇರೆ ಮಾಡಿದರು. ಅವಳ ಪಟ್ಟಿ ನಿಮ್ಮ ದೇಶಕ್ಕೆ ಹೋಯಿತು, ನನ್ನ ಪಟ್ಟಿ ಇಲ್ಲಿಗೆ ಬಂತು. ಒಂದು ವಾರದಲ್ಲಿ ಸರಿಮಾಡುತ್ತೇವೆ ಎಂದಿದ್ದರು. ಆ ವಾರಕ್ಕೆ ಈಗ ಇಪ್ಪತ್ತೈದು ವರ್ಷ ತುಂಬಿದೆ, ನಾವಿಬ್ಬರೂ ಇನ್ನೂ ಮುಖ ನೋಡಿಕೊಂಡಿಲ್ಲ.

ಈ ದೇಶ ನನಗೆ ಆಶ್ರಯ ಕೊಟ್ಟಿತು, ಕೆಲಸ ಕೊಟ್ಟಿತು, ಹೆಂಡತಿಯನ್ನೂ ಕೊಟ್ಟಿತು. ಪೌರತ್ವ ಮಾತ್ರ ಹುಟ್ಟಿದೂರಿನ ಜನನ ಪತ್ರ ತಂದರೆ ಕೊಡುತ್ತೇನೆ ಎಂದಿದೆ. ಆ ಊರಿನ ಕಚೇರಿಯೇ ಸುಟ್ಟುಹೋಗಿದೆ ಎಂದರೆ, ಸುಟ್ಟಿದೆ ಎಂಬುದಕ್ಕೆ ಆ ಕಚೇರಿಯಿಂದ ಒಂದು ಪತ್ರ ತನ್ನಿ ಎನ್ನುತ್ತಾರೆ. ಇರಲಿ, ಅದು ಬೇರೆ ಇಲಾಖೆಯ ಕತೆ, ಅವರಿಗೆ ಬೇರೆ ಪತ್ರ ಬರೆಯುತ್ತೇನೆ. ಸದ್ಯಕ್ಕೆ ನನ್ನ ಕೈಲಿರುವುದು ನಿರಾಶ್ರಿತರಿಗೆ ಕೊಡುವ ಪ್ರಯಾಣಪತ್ರ. ಪಾಸ್‌ಪೋರ್ಟಿನಷ್ಟೇ ಉದ್ದ, ಅಷ್ಟೇ ಅಗಲ, ಅದೇ ಸರ್ಕಾರದ ಮುದ್ರೆ, ಅದೇ ಜಾತಿಯ ಕಾಗದ. ಕಾಗದದ ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು. ಆದರೂ ಈ ದೇಶದ ಪಾಸ್‌ಪೋರ್ಟ್ ಇದ್ದವರು ವೀಸಾ ಇಲ್ಲದೆ ನಿಮ್ಮಲ್ಲಿಗೆ ಬಂದು ತೊಂಬತ್ತು ದಿನ ಅಡ್ಡಾಡಬಹುದು, ಪ್ರಯಾಣಪತ್ರ ಇದ್ದವನು ಒಂದು ಹೊತ್ತಿನ ಊಟಕ್ಕೆ ಬರಬೇಕಾದರೂ ಹದಿನೇಳು ದಾಖಲೆ ಹೊತ್ತು ತರಬೇಕು. ನನ್ನ ಮಗಳಿಗೆ ಒಂಬತ್ತು ವರ್ಷ. ಇಲ್ಲೇ ಹುಟ್ಟಿದವಳು, ಪಾಸ್‌ಪೋರ್ಟ್ ಇದೆ. ಮೊನ್ನೆ ಲೆಕ್ಕ ಬಿಡಿಸುತ್ತಾ ತಲೆಯೆತ್ತದೆ ಹೇಳಿದಳು: “ಅಪ್ಪ, ನೀನು ಮನೇಲೇ ಇರು. ಅತ್ತೆ ಮದುವೆ ನಾನೇ ಮುಗಿಸ್ಕೊಂಡು ಬರ್ತೀನಿ. ನಿಂಗೆ ಅಲ್ಲಿಂದ ಏನು ತರಲಿ?” ದೇಶದ ಭದ್ರತೆಯ ದೃಷ್ಟಿಯಿಂದ ನಮ್ಮಿಬ್ಬರಲ್ಲಿ ಯಾರು ಹೆಚ್ಚು ಅಪಾಯಕಾರಿ ಎಂಬುದನ್ನು ಅವಳು ಗೀಚಿಟ್ಟಿರುವ ನಮ್ಮ ಮನೆಯ ಗೋಡೆಗಳನ್ನು ನೋಡಿದವರು ಹೇಳಬಲ್ಲರು.

ಹೋಗದಿದ್ದರೆ ಗಂಟೇನು ಹೋಗುತ್ತದೆ, ಫೋನಿನಲ್ಲಿ ಹಾರೈಸಬಹುದಲ್ಲ ಎಂದು ನೀವು ಕೇಳಬಹುದು. ಅಕ್ಕ ಬಿಡಬೇಕಲ್ಲ? ಮದುವೆ ನಡೆಯುವುದು ನೋಂದಣಿ ಕಚೇರಿಯಲ್ಲಿ. ಹೆಣ್ಣಿನ ಕಡೆಯಿಂದ ಒಂದು ಸಾಕ್ಷಿ ಬೇಕು, ಗಂಡಿನ ಕಡೆಯಿಂದ ಒಂದು. ಅವಳ ಕಡೆಯವನೆಂದು ಈ ಭೂಮಿಯ ಮೇಲೆ ಉಳಿದಿರುವುದು ನಾನೊಬ್ಬನೇ. “ಪಕ್ಕದ ಮನೆಯವರು ಯಾರಾದ್ರೂ ಹಾಕ್ಲಿ ಬಿಡಕ್ಕ” ಎಂದು ಒಮ್ಮೆ ಹೇಳಿ ನೋಡಿದೆ. “ನಿಂಗೆ ಕೈ ಹಿಡಿದು ಅ ಆ ತಿದ್ದಿಸಿದ್ದು ಪಕ್ಕದ ಮನೆಯವರಾ? ನೀನು ಬಂದು ಸಹಿ ಹಾಕು. ಅಲ್ಲೀವರೆಗೂ ನಾನು ಕುಮಾರಿನೇ” ಎಂದು ಫೋನ್ ಇಟ್ಟುಬಿಟ್ಟಳು.

ಮೊದಲ ಸಲದ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಪ್ರಯಾಣಪತ್ರದ ಬೆನ್ನು, ಅಂದರೆ ಹಾಳೆಗಳೆಲ್ಲ ಕೂಡುವ ಜಾಗ, ಬಿಟ್ಟುಕೊಂಡಿತ್ತು. ಕಂಡ ಕಂಡ ಕೌಂಟರಿನಲ್ಲೆಲ್ಲ ಅದನ್ನು ಹಿಂದಕ್ಕೆ ಮಡಚಿ, ಜೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಿ, ಮೇಲಿಂದ ಮುಚ್ಚಳ ಅದುಮಿದರೆ ಯಾರ ಬೆನ್ನು ತಾನೇ ತಡೆದೀತು? ನಡುವಿನ ಹಾಳೆ ಬೀಳಲಿರುವ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಬೈಂಡರ್ ಎನಿಸಿಕೊಂಡವನು ಅಂಥದ್ದನ್ನು ಜೇಬಿನಲ್ಲಿಟ್ಟುಕೊಂಡು ದೊಡ್ಡವರ ಮುಂದೆ ಹೇಗೆ ಹೋಗಲಿ? ಸಂದರ್ಶನದ ಹಿಂದಿನ ದಿನ, ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ, ಮೇಣ ಸವರಿದ ದಾರ ತೆಗೆದುಕೊಂಡು ಹಳೆಯ ತೂತುಗಳಲ್ಲೇ ಸೂಜಿ ಆಡಿಸಿ ಐದು ಹೊಲಿಗೆ ಹಾಕಿದೆ. ಬೆನ್ನಿಗೆ ಅದೇ ನೀಲಿಯ ಬಟ್ಟೆಯ ಪಟ್ಟಿ ಅಂಟಿಸಿ, ಒಣಗುವವರೆಗೆ ಒತ್ತುಯಂತ್ರದಲ್ಲಿ ಇಟ್ಟೆ. ಅಂಗಡಿಯ ಯಜಮಾನರು ಕನ್ನಡಕ ಏರಿಸಿ ನೋಡಿ, “ಸರ್ಕಾರದ್ದಕ್ಕಿಂತ ಚೆನ್ನಾಗಿದೆ ಕಣಯ್ಯ” ಎಂದರು. ನಾನೂ ಉಬ್ಬಿಹೋದೆ.

ಮರುದಿನ ನಿಮ್ಮ ಮೂರನೆಯ ಕೌಂಟರಿನ ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಯಾರು ಹೊಲಿದಿದ್ದು?” ಎಂದು ಕೇಳಿದರು.

“ನಾನೇ ಮೇಡಂ” ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

“ತುಂಬ ನೀಟಾಗಿದೆ” ಎಂದು ಹೊಗಳಿಯೂ ಹೊಗಳಿದರು. ಆಮೇಲೆ ಡ್ರಾಯರಿನಿಂದ ಕೆಂಪು ಮುದ್ರೆ ತೆಗೆದು, ದಾಖಲೆಯನ್ನು ತಿದ್ದಲಾಗಿದೆ ಎಂದು ಒತ್ತಿಬಿಟ್ಟರು.

“ಮೇಡಂ, ಒಂದಕ್ಷರಾನೂ ಮುಟ್ಟಿಲ್ಲ. ಬೆನ್ನು ಮಾತ್ರ ಹೊಲ್ದಿದೀನಿ.”

“ಹರಿದಿದ್ದನ್ನ ಹಾಗೇ ತಂದಿದ್ರೆ ತಗೋತಿದ್ವಿ ನೋಡಿ. ಹರಿದಿರೋದಕ್ಕೆ ನಮ್ಮಲ್ಲಿ ಅಡ್ಡಿ ಇಲ್ಲ. ಹೊಲಿದಿರೋದಕ್ಕೆ ಇದೆ.”

ಹೊಸ ಪ್ರಯಾಣಪತ್ರ ಬರಲು ಎಂಟು ತಿಂಗಳು ಹಿಡಿಯಿತು. ಅದನ್ನು ನಾನು ಮುಟ್ಟಲು ಹೋಗಲಿಲ್ಲ. ಹೆಂಡತಿ ಅದನ್ನು ಬೀರುವಿನಲ್ಲಿಟ್ಟು ಬೀಗದ ಕೈ ತನ್ನ ಬಳಿಯೇ ಇಟ್ಟುಕೊಂಡಳು.

ಎರಡನೆಯ ಸಲ ನಿಮ್ಮ ಅರ್ಜಿಯ ಹನ್ನೆರಡನೆಯ ಪ್ರಶ್ನೆ ನನ್ನನ್ನು ಕೆಡವಿತು. ‘ಪ್ರವಾಸ ಮುಗಿದ ನಂತರ ಸ್ವದೇಶಕ್ಕೆ ಮರಳುವಿರಾ?’ ಹೌದೆಂದರೆ, ಸ್ವದೇಶಕ್ಕೆ ಹೋಗಬಲ್ಲವನು ನಿರಾಶ್ರಿತ ಹೇಗಾಗುತ್ತಾನೆ? ಇಲ್ಲವೆಂದರೆ, ನಿಮ್ಮ ದೇಶದಲ್ಲೇ ಠಿಕಾಣಿ ಹೂಡುತ್ತಾನೆ ಎಂದಾಗುತ್ತದೆ. ನಾನು ಪ್ರಾಮಾಣಿಕವಾಗಿ, ‘ಸ್ವದೇಶಕ್ಕಲ್ಲ, ಇಲ್ಲಿರುವ ನನ್ನ ಮನೆಗೆ ಮರಳುತ್ತೇನೆ, ಮಗಳ ಶಾಲೆ ಇದೆ’ ಎಂದು ಬರೆದೆ. ಉತ್ತರಕ್ಕೆ ಕೊಟ್ಟಿದ್ದ ಚೌಕದಿಂದ ಅಕ್ಷರಗಳು ಹೊರಗೆ ಬಂದಿವೆ ಎಂಬ ಕಾರಣಕ್ಕೆ ಅರ್ಜಿ ಅಪೂರ್ಣವೆಂದು ತೀರ್ಮಾನವಾಯಿತು. ಆ ಚೌಕ ನನ್ನ ಹೆಬ್ಬೆರಳ ಉಗುರಿನಷ್ಟಿದೆ. ಅದರಲ್ಲಿ ಹೌದು ಹಿಡಿಸುತ್ತದೆ, ಇಲ್ಲ ಹಿಡಿಸುತ್ತದೆ, ನಿಜ ಹಿಡಿಸುವುದಿಲ್ಲ.

ಮೂರನೆಯದನ್ನು ನೆನೆದರೆ ಈಗಲೂ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆಹ್ವಾನ ಪತ್ರವನ್ನು ನಿಮ್ಮ ದೇಶದ ಪೌರನಾದ ಸಂಬಂಧಿಕನೇ ಬರೆಯಬೇಕು. ಅಕ್ಕ ಸಂಬಂಧಿ, ಆದರೆ ಅವಳ ಕೈಲಿರುವುದೂ ಪ್ರಯಾಣಪತ್ರವೇ, ಆದ್ದರಿಂದ ಅವಳು ಕರೆದರೆ ನಡೆಯುವುದಿಲ್ಲ. ಮದುವೆ ಗಂಡು ಅಪ್ಪಟ ಪೌರ, ಮೂವತ್ತೈದು ವರ್ಷ ನಿಮ್ಮ ರಾಜಧಾನಿಯಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಮುದ್ದಾದ ಅಕ್ಷರದಲ್ಲಿ ಪತ್ರ ಬರೆದು, ಸಂಬಂಧ ಎಂಬ ಜಾಗದಲ್ಲಿ ‘ಭಾವ’ ಎಂದು ತುಂಬಿದರು. ನೀವು ಅದನ್ನು ಹೊಡೆದುಹಾಕಿ, ಮದುವೆಯ ನೋಂದಣಿ ಪತ್ರ ಲಗತ್ತಿಸಿಲ್ಲ ಎಂದು ವಾಪಸು ಕಳಿಸಿದಿರಿ. ಅಂದರೆ ಅವರು ನನ್ನನ್ನು ತಮ್ಮ ಮದುವೆಗೆ ಕರೆಯಬಹುದು, ಆ ಮದುವೆ ಆಗಿಹೋದ ಮೇಲೆ. ಇದನ್ನು ಕೇಳಿ ಅವರೇ ಫೋನ್ ಮಾಡಿದರು.

“ಏನಪ್ಪಾ ಅಂಟು, ಬಸ್ಸು ಹೊರಟ ಮೇಲೆ ಟಿಕೆಟ್ ಕೊಡ್ತಾರಂತಲ್ಲ. ಬೇಕಾದ್ರೆ ನಿಮ್ಮಕ್ಕನ್ನ ಎರಡು ಸಲ ಮದುವೆ ಆಗ್ತೀನಿ, ನಂದೇನೂ ಅಭ್ಯಂತರ ಇಲ್ಲ. ಅವಳನ್ನ ಒಪ್ಸೋದು ನಿಂದು.”

ಹಿಂದಿನಿಂದ ಅಕ್ಕನ ದನಿ ಕೇಳಿಸಿತು: “ಒಂದು ಸಲಕ್ಕೇ ಯೋಚನೆ ಮಾಡ್ತಿದೀನಿ ಅಂತ ಹೇಳಿ.”

ಇನ್ನು ನಾನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ. ಕಳೆದ ತಿಂಗಳು ನಮ್ಮ ಅಂಗಡಿಗೆ ರಟ್ಟು ಕಳಚಿದ ಒಂದು ದಪ್ಪ ಪುಸ್ತಕ ಬಂತು. ನಿಮ್ಮ ಕಚೇರಿಯ ವೀಸಾ ನಿಯಮಾವಳಿ. ನನ್ನ ಹದಿನಾರು ಹಾಳೆಗಳನ್ನು ಹೊಲಿಯಲು ನಾನು ಅರ್ಹನಲ್ಲ, ನಿಮ್ಮ ಆರುನೂರು ಪುಟಗಳನ್ನು ಹೊಲಿಯಲು ಅರ್ಹ. ಅದಿರಲಿ. ಗುಟ್ಟಾಗಿ ಓದಿದೆ ಎಂದು ಮತ್ತೊಂದು ಮುದ್ರೆ ಒತ್ತಬೇಡಿ. ಬಿಚ್ಚಿದ ಪುಸ್ತಕದ ಪುಟಗಳು ಕ್ರಮವಾಗಿವೆಯೇ ಎಂದು ಒಂದೊಂದಾಗಿ ತಿರುವಿ ನೋಡುವುದು ಬೈಂಡರನ ಕೆಲಸ. ಯಾವ ಪುಸ್ತಕದಲ್ಲಿ ಯಾವ ಪುಟವನ್ನು ಎಷ್ಟು ಓದಿದ್ದಾರೆ ಎಂಬುದು ನಮಗೆ ಮೂಲೆಗಳನ್ನು ನೋಡಿದರೇ ತಿಳಿಯುತ್ತದೆ. ನಿಮ್ಮ ತಿರಸ್ಕಾರದ ಅಧ್ಯಾಯ ಬೆರಳ ಜಿಡ್ಡಿನಿಂದ ಕಪ್ಪಾಗಿತ್ತು, ಮೂಲೆಗಳು ಮಡಚಿ ಮಡಚಿ ಹರಿದಿದ್ದವು, ಒಂದು ಕಡೆ ಚಹಾ ಲೋಟ ಇಟ್ಟ ಗುಂಡನೆಯ ಕಲೆಯೂ ಇತ್ತು. ಆದರೆ ಇನ್ನೂರ ಹದಿನಾಲ್ಕನೆಯ ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು. ಅಚ್ಚಾದಾಗ ಮೇಲಂಚನ್ನು ಸರಿಯಾಗಿ ಕತ್ತರಿಸದೆ ಎರಡು ಹಾಳೆ ಅಲ್ಲಿ ಕೂಡಿಕೊಂಡೇ ಇದ್ದವು. ಒಳಗಿನ ಪುಟಗಳನ್ನು ನಿಮ್ಮ ಕಚೇರಿಯಲ್ಲಿ ಈವರೆಗೆ ಯಾರೂ ನೋಡಿರಲು ಸಾಧ್ಯವೇ ಇಲ್ಲ. ಚಾಕು ಆಡಿಸಿ ಬಿಡಿಸಿದವನು ನಾನು.

ಅಲ್ಲಿ ಏನಿದೆ ಗೊತ್ತೇ? ನಿರಾಶ್ರಿತರ ಪ್ರಯಾಣಪತ್ರ ಇರುವವರಿಗೆ ಹತ್ತಿರದ ಸಂಬಂಧಿಯ ಮದುವೆ, ಕಾಯಿಲೆ, ಸಾವುಗಳ ಸಂದರ್ಭದಲ್ಲಿ, ಬೇರಾವ ದಾಖಲೆಯನ್ನೂ ಕೇಳದೆ, ಏಳು ದಿನಗಳ ವೀಸಾವನ್ನು ಅಧಿಕಾರಿಯು ತನ್ನ ವಿವೇಚನೆಯ ಮೇರೆಗೆ ನೀಡಬಹುದು. ಕಾಗದ ಹಾಲಿನಷ್ಟು ಬೆಳ್ಳಗಿತ್ತು. ನಾನು ಆ ಪುಟವನ್ನು ಮೂರು ಸಲ ಓದಿದೆ. ನನ್ನ ಬೆರಳ ಗುರುತು ಅಲ್ಲಿ ಉಳಿದಿದ್ದರೆ ಕ್ಷಮಿಸಿ. ಪುಸ್ತಕ ಸೋಮವಾರ ನಿಮ್ಮ ಕೈಸೇರಿದೆ. ಯಾರು ತೆರೆದರೂ ಇನ್ನೂರ ಹದಿನಾಲ್ಕರಲ್ಲೇ ತೆರೆದುಕೊಳ್ಳುವಂತೆ ಬೆನ್ನನ್ನು ಪಳಗಿಸಿ ಕಟ್ಟಿದ್ದೇನೆ. ಇದೂ ದಾಖಲೆಯನ್ನು ತಿದ್ದಿದಂತೆ ಎನ್ನುವುದಾದರೆ ಎನ್ನಿ.

ಇಷ್ಟೊಂದು ಅವಸರ ಯಾಕೆಂದರೆ, ಮದುವೆ ಗಂಡಿನ ಎದೆಯ ಆಪರೇಷನ್ ಬರುವ ಇಪ್ಪತ್ತೆರಡನೇ ತಾರೀಖಿಗೆ ಗೊತ್ತಾಗಿದೆ. ದೊಡ್ಡ ಆಪರೇಷನ್, ಏನೂ ಹೇಳುವುದಕ್ಕಾಗದು ಎಂದಿದ್ದಾರೆ ಡಾಕ್ಟರು. ಮನುಷ್ಯ ಒಂದೇ ಹಟ ಹಿಡಿದಿದ್ದಾರೆ, ಗಂಡನಾಗಿಯೇ ಆಸ್ಪತ್ರೆಗೆ ಹೋಗಬೇಕಂತೆ. ಅಕ್ಕ ಮಾತ್ರ ತಮ್ಮ ಬರಲಿ, ತಮ್ಮ ಬರಲಿ ಎಂದು ದಿನ ತಳ್ಳುತ್ತಿದ್ದಳು. ಅವಳು ತಳ್ಳುವುದು ನನ್ನಿಂದಾಗಿ, ಆಮೇಲೆ ಹೆಚ್ಚುಕಡಿಮೆಯಾದರೆ ಜೀವನವಿಡೀ ಕೊರಗುವುದೂ ನನ್ನಿಂದಾಗಿ. ನನಗೆ ಭಯವಾಯಿತು. ಹೋದ ಭಾನುವಾರ ಫೋನ್ ಮಾಡಿ, “ವೀಸಾ ಬಂತಕ್ಕ” ಎಂದುಬಿಟ್ಟೆ.

ಅಕ್ಕ ಮೆಲ್ಲಗೆ, “ಯಾವ ಬಣ್ಣ ಇದೆಯೋ?” ಎಂದು ಕೇಳಿದಳು. ಅವಳೂ ಇಪ್ಪತ್ತೈದು ವರ್ಷದಲ್ಲಿ ಒಂದು ವೀಸಾ ಕಂಡವಳಲ್ಲ.

ನನಗೇನು ಗೊತ್ತು? “ಹಸಿರು” ಎಂದೆ.

“ಹಸಿರು ಚೆನ್ನಾಗಿರುತ್ತೆ” ಎಂದಳು. ಮರುದಿನವೇ ನೋಂದಣಿ ಕಚೇರಿಗೆ ಹೋಗಿ ಹತ್ತೊಂಬತ್ತನೇ ತಾರೀಖು, ಬೆಳಗ್ಗೆ ಹನ್ನೊಂದಕ್ಕೆ ಎಂದು ಬರೆಸಿ ಬಂದಿದ್ದಾಳೆ. ನನಗಾಗಿ ಹಾಸಿಗೆ ಬಿಸಿಲಿಗೆ ಹಾಕಿದ್ದಾಳಂತೆ. ಈ ಪತ್ರಿಕೆ ಅವಳಿರುವ ಊರಿಗೆ ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನೆಲ್ಲ ಬರೆಯುತ್ತಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಾನು ನಿಮ್ಮ ದೇಶವನ್ನು ಕೇಳುತ್ತಿಲ್ಲ. ಪುಟ ಇನ್ನೂರ ಹದಿನಾಲ್ಕನ್ನು ಓದಿ, ಹದಿನೆಂಟರೊಳಗೆ ನನಗೆ ವೀಸಾ ಕೊಡಿ. ಏಳು ದಿನವೂ ಬೇಡ, ನಾಲ್ಕು ದಿನ ಸಾಕು. ನೋಂದಣಿ ಕಚೇರಿಯಲ್ಲಿ ಒಂದು ಸಹಿ ಹಾಕಿ, ಇಪ್ಪತ್ತೆರಡರಂದು ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತು, ಭಾವ ಕಣ್ಣು ಬಿಟ್ಟರೆಂದು ಕೇಳಿದ ಕೂಡಲೇ ಹೊರಟುಬಿಡುತ್ತೇನೆ. ನಾನು ಹೇಳಿದ ಸುಳ್ಳನ್ನು ನಿಜ ಮಾಡುವ ಅಧಿಕಾರ ಈ ಲೋಕದಲ್ಲಿ ನಿಮಗೊಬ್ಬರಿಗೇ ಇದೆ. ಹಸಿರೇ ಆಗಬೇಕೆಂದೇನೂ ಇಲ್ಲ.

ಇಂತಿ,
ಅಕ್ಕನಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದಿರುವ,
ಹೆಣ್ಣಿನ ಕಡೆಯ ಏಕೈಕ ಸಾಕ್ಷಿ